ಕೊನೆಯ ಇಪ್ಪತ್ತು ನಿಮಿಷ

ಜನವರಿ 12, 2025, ಭಾನುವಾರ

ಲೀಗ್ ಅರ್ಧ ಮುಗಿಯಿತು. ಕಾಸರಗೋಡಿನ ನಮ್ಮ ಕಾಲೇಜು ಫುಟ್‌ಬಾಲ್ ಟೀಮು ಪಟ್ಟಿಯ ನಡುಮಧ್ಯೆ ನಿಂತಿದೆ, ಮೇಲೂ ಇಲ್ಲ ಕೆಳಗೂ ಇಲ್ಲ. ಸೋತದ್ದಕ್ಕಿಂತ ಡ್ರಾ ಮಾಡಿಕೊಂಡದ್ದೇ ಜಾಸ್ತಿ, ಅದೂ ಗೆಲ್ಲಬೇಕಾಗಿದ್ದ ಮ್ಯಾಚುಗಳು. ಗೆದ್ದರೆ ಮೂರು ಪಾಯಿಂಟ್, ಡ್ರಾ ಆದರೆ ಒಂದು. ಅಂದರೆ ಪ್ರತಿ ಸಲವೂ ಕೈಗೆ ಬಂದ ಎರಡು ಪಾಯಿಂಟನ್ನು ಎದುರಿನವರ ಜೊತೆ ಸೇರಿ ನೀರಿಗೆ ಹಾಕಿದ ಲೆಕ್ಕ. ನಿನ್ನೆಯದೂ ಹಾಗೇ ಆಯಿತು. ಇಂಟರ್ವಲ್ಲಿಗೆ 2–0 ಮುಂದಿದ್ದವರು 2–2ಕ್ಕೆ ಮುಗಿಸಿ ಬಂದರು. ಕೊನೆಯ ಗೋಲು ಬೀಳುವಾಗ ರೆಫರಿ ವಾಚು ನೋಡಿಕೊಳ್ಳುತ್ತಿದ್ದ.

ಎಲ್ಲರೂ ಕೀಪರನ್ನು ಬೈಯುತ್ತಿದ್ದಾರೆ. ನಿನ್ನೆ ವಾಪಸು ಬರುವ ಬಸ್ಸಿನಲ್ಲೂ ಅದೇ, ಇವತ್ತು ಬೆಳಿಗ್ಗೆ ಬದಿಯಡ್ಕ ಪೇಟೆಯಲ್ಲಿ ಚಾ ಕುಡಿಯುವಾಗಲೂ ಅದೇ. ನನಗೆ ಒಪ್ಪಿಗೆ ಇಲ್ಲ. ಆ ಗೋಲನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಕಾರ್ನರ್ ಬಂತು. ಕೀಪರ್ ಅಷ್ಟು ಜನರ ನಡುವೆ ಹಾರಿ ಮುಷ್ಟಿಯಲ್ಲಿ ಗುದ್ದಿದ. ಬಾಲು ಗೋಲಿನ ಮುಂದಿನ ಬಾಕ್ಸಿನ ಹೊರಗೆ ಬಿತ್ತು. ಅಲ್ಲಿ ನಮ್ಮವನೊಬ್ಬ ಇರಬೇಕಿತ್ತು, ಇರಲಿಲ್ಲ. ನಮ್ಮ ಮಿಡ್‌ಫೀಲ್ಡಿನ ಇಬ್ಬರೂ ಬಾಕ್ಸಿನೊಳಗೆ ಮೊಣಕಾಲಿಗೆ ಕೈ ಊರಿ ನಿಂತಿದ್ದರು. ಅವರ ಹತ್ತನೇ ನಂಬರಿನವನು ಬಾಲು ನಿಲ್ಲಿಸಿ, ತಲೆ ಎತ್ತಿ, ಗೋಲು ಎಲ್ಲಿದೆ ಅಂತ ನೋಡಿ, ಆಮೇಲೆ ಹೊಡೆದ. ಅಷ್ಟು ಪುರುಸೊತ್ತು ಕೊಟ್ಟರೆ ನಾನೂ ಹೊಡೆಯುತ್ತೇನೆ ಮಾರಾಯ್ರೆ, ಈ ಹೊಟ್ಟೆ ಇಟ್ಟುಕೊಂಡು. ಇದರಲ್ಲಿ ಕೀಪರಿನ ತಪ್ಪು ಎಲ್ಲಿದೆ?

ಮೊದಲ ಅರ್ಧ ನೋಡಿದವರಿಗೆ ಇದೇ ಟೀಮಾ ಅನ್ನಿಸುತ್ತದೆ. ಉಪ್ಪಳದ ಹುಡುಗ ಬಲಗಡೆಯಿಂದ ಓಡುವುದು, ಅವನ ಹಿಂದಿನಿಂದ ರೈಟ್ ಬ್ಯಾಕ್ ಹೊರಗೆ ಸುತ್ತಿ ಬರುವುದು, ಡಿಫೆಂಡರಿಗೆ ಯಾರನ್ನು ಹಿಡಿಯಬೇಕು ಅಂತ ಗೊತ್ತಾಗುವ ಮೊದಲೇ ಬಾಲು ನಡುವಿಗೆ ಬಂದುಬಿಡುವುದು, ಇದನ್ನು ನೋಡಲಿಕ್ಕೇ ನಾನು ಶನಿವಾರ ಅಂಗಳದ ಅಡಿಕೆ ಕೆಲಸ ಬಿಟ್ಟು ವಿದ್ಯಾನಗರಕ್ಕೆ ಹೋಗುವುದು. ನಿನ್ನೆಯ ಎರಡೂ ಗೋಲು ಹಾಗೇ ಬಂದವು. ಎರಡನೆಯದಂತೂ ಐದಾರು ಪಾಸಿನ ಗೋಲು, ಒಬ್ಬನೂ ಬಾಲನ್ನು ಎರಡು ಸಲಕ್ಕಿಂತ ಜಾಸ್ತಿ ಮುಟ್ಟಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಜ್ಜ ಒಬ್ಬರು, ಯಾರ ಕಡೆಯವರೋ ಗೊತ್ತಿಲ್ಲ, ಕೊಡೆ ಎತ್ತಿ ಕುಣಿದರು.

ಅರುವತ್ತೈದು ನಿಮಿಷದವರೆಗೆ ಹೀಗೆ. ಆಮೇಲೆ ಬೇರೆಯೇ ಟೀಮು.

ಕಾರಣ ನನಗೆ ಗೊತ್ತು. ನೋಡುವವರೆಲ್ಲರಿಗೂ ಗೊತ್ತು, ಹೇಳುವುದಿಲ್ಲ ಅಷ್ಟೆ. ಈಗ ಸೆವೆನ್ಸ್ ಸೀಸನ್, ಅಂದರೆ ಏಳೇಳು ಜನರ ಫುಟ್‌ಬಾಲ್. ಊರೂರಲ್ಲಿ ಫ್ಲಡ್‌ಲೈಟ್ ಹಾಕಿ ರಾತ್ರಿ ಟೂರ್ನಮೆಂಟ್ ನಡೆಯುತ್ತದೆ, ನಮ್ಮ ಟೀಮಿನ ಅರ್ಧ ಹುಡುಗರು ಶುಕ್ರವಾರ ರಾತ್ರಿ ಅಲ್ಲಿ ಆಡಿ ಶನಿವಾರ ಇಲ್ಲಿ ಬೂಟು ಕಟ್ಟುತ್ತಾರೆ. ಬೇಡ ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಅಲ್ಲಿ ಕೈಗೆ ದುಡ್ಡು ಸಿಗುತ್ತದೆ. ಇಲ್ಲಿ ಸಿಗುವುದು ಎರಡು ಬಾಳೆಹಣ್ಣು, ಒಂದು ನಿಂಬೆ ಸೋಡಾ. ಬಸ್ಸಿನ ಖರ್ಚು, ಮೊಬೈಲ್ ರೀಚಾರ್ಜು, ಬೂಟು, ಎಲ್ಲ ಅದರಲ್ಲೇ ಆಗಬೇಕು. ಬೂಟಿನ ಬೆಲೆ ಈಗ ಎಷ್ಟು ಅಂತ ಹುಡುಗರನ್ನು ಬೈಯುವವರು ಒಮ್ಮೆ ಅಂಗಡಿಯಲ್ಲಿ ಕೇಳಿ ನೋಡಲಿ.

ಆದರೆ ಸೆವೆನ್ಸ್ ಆಟ ಕಾಲಿಗೆ ಕಲಿಸುವುದೇ ಬೇರೆ. ಚಿಕ್ಕ ಮೈದಾನ, ಏಳು ಜನ, ಬಾಲು ಯಾವಾಗಲೂ ಹತ್ತಿರದಲ್ಲೇ ಇರುತ್ತದೆ. ಮೂರು ಹೆಜ್ಜೆ ಜೋರಾಗಿ ಓಡಿದರೆ ಸಾಕು, ಆಮೇಲೆ ನಿಲ್ಲಬಹುದು. ಹನ್ನೊಂದು ಜನರ ಆಟದಲ್ಲಿ ಹಾಗಲ್ಲ. ನಿಯಮದ ಪ್ರಕಾರ ಮೈದಾನ ಕಡಿಮೆ ಅಂದರೂ 90 ಮೀಟರ್ ಉದ್ದ ಇರಬೇಕು, 120ರವರೆಗೆ ಹೋಗಬಹುದು. ಬಾಲು ನಿಮ್ಮ ಹತ್ತಿರ ಬರುವುದೇ ಇಲ್ಲ, ಆದರೂ ಓಡುತ್ತಲೇ ಇರಬೇಕು. ಡಿಫೆನ್ಸು ಮುಂದೆ ಬಂದರೆ ಮಿಡ್‌ಫೀಲ್ಡು ಮುಂದೆ ಹೋಗಬೇಕು, ಅದು ಹಿಂದೆ ಸರಿದರೆ ಇವರೂ ಸರಿಯಬೇಕು. ನಮ್ಮವರಲ್ಲಿ ಸುಸ್ತಾದ ಕೂಡಲೇ ಮೊದಲು ನಿಲ್ಲುವುದು ಈ ಓಟ. ಡಿಫೆನ್ಸು ಹೆದರಿ ಬಾಕ್ಸಿನೊಳಗೆ ಹೋಗುತ್ತದೆ, ಫಾರ್ವರ್ಡುಗಳು ಮುಂದೆಯೇ ನಿಂತಿರುತ್ತಾರೆ, ನಡುವೆ ಒಂದು ಗದ್ದೆಯಷ್ಟು ಜಾಗ ಖಾಲಿ. ಕ್ಲಿಯರ್ ಮಾಡಿದ ಬಾಲೆಲ್ಲ ಆ ಖಾಲಿ ಜಾಗಕ್ಕೆ ಬೀಳುತ್ತದೆ, ಎದುರಿನವರಿಗೆ ಸಿಗುತ್ತದೆ, ತಿರುಗಿ ನಮ್ಮ ಮೇಲೆಯೇ ಬರುತ್ತದೆ.

ಪ್ರಾಕ್ಟೀಸಿಗೆ ಇರುವ ಮೈದಾನವೂ ಗಿಡ್ಡ. ಒಂದು ತುದಿಯಲ್ಲಿ ವಾಲಿಬಾಲ್ ಕಂಬ, ಇನ್ನೊಂದು ತುದಿಯಲ್ಲಿ ಬೈಕುಗಳು. ಪೂರ್ತಿ ಅಳತೆಯ ಮೈದಾನ ಹುಡುಗರಿಗೆ ಸಿಗುವುದು ಮ್ಯಾಚಿನ ದಿನ ಮಾತ್ರ. ಅದರ ಮೇಲೆ ಹೈವೇ ಕೆಲಸ. ತಲಪಾಡಿಯಿಂದ ಚೆಂಗಳದವರೆಗೆ 66ನೇ ನಂಬರಿನ ರಸ್ತೆಯನ್ನು ಆರು ಪಥ ಮಾಡುತ್ತಿದ್ದಾರಲ್ಲ, ಮಂಜೇಶ್ವರ ಕಡೆಯಿಂದ ಬರುವ ಹುಡುಗರು ಬೆಳಿಗ್ಗೆ ಪ್ರಾಕ್ಟೀಸಿಗೆ ಮುಟ್ಟುವಾಗ ಅರ್ಧ ಮುಗಿದಿರುತ್ತದೆ. ರಸ್ತೆ ಮುಗಿದ ಮೇಲೆ ಸುಖ ಅಂತಾರೆ. ಅಷ್ಟರಲ್ಲಿ ಇವರ ಡಿಗ್ರಿಯೂ ಮುಗಿದಿರುತ್ತದೆ.

ಕೊನೆಯಲ್ಲಿ ಗೋಲು ಬಿಟ್ಟುಕೊಟ್ಟದ್ದಕ್ಕೆ ಹುಡುಗರು ತಲೆ ತಗ್ಗಿಸಬೇಕಾಗಿಲ್ಲ ಬಿಡಿ. ಡಿಸೆಂಬರ್ 31ರ ರಾತ್ರಿ ಹೈದರಾಬಾದಿನಲ್ಲಿ ನಡೆದ, ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಫೈನಲ್ ನೋಡಿದ್ದೀರಲ್ಲ. ಕೇರಳ, ಬಂಗಾಳ, 90 ನಿಮಿಷ 0–0. ಇಂಜುರಿ ಟೈಮಿನಲ್ಲಿ ರಬಿ ಹನ್ಸ್‌ದಾ ಹೊಡೆದ, ಬಂಗಾಳ 33ನೇ ಸಲ ಕಪ್ಪು ತೆಗೆದುಕೊಂಡು ಹೋಯಿತು. ನಮ್ಮ ಮನೆಯಲ್ಲಿ ಹೊಸ ವರ್ಷಕ್ಕೆ ಅಂತ ತಂದ ಕೇಕನ್ನು ಯಾರೂ ಮುಟ್ಟಲಿಲ್ಲ, ಮರುದಿನ ಬೆಳಿಗ್ಗೆ ತಿಂದೆವು. 2018ರಲ್ಲಿ ಕೋಲ್ಕತ್ತಾದಲ್ಲಿ, 2022ರಲ್ಲಿ ಮಂಜೇರಿಯಲ್ಲಿ ಇದೇ ಬಂಗಾಳವನ್ನು ಪೆನಾಲ್ಟಿಯಲ್ಲಿ ಸೋಲಿಸಿದ್ದು ನೆನಪಿದ್ದವರಿಗೆ ಹೊಟ್ಟೆ ಇನ್ನೂ ಉರಿಯುತ್ತಿರಬಹುದು. ಆದರೆ ಕೇರಳದವರ ಕಥೆ ಬೇರೆ. ಅವರು ಒಂದು ಸಲ ತಪ್ಪಿದರು. ನಮ್ಮವರು ಪ್ರತಿ ಶನಿವಾರ ತಪ್ಪುತ್ತಾರೆ.

ಮ್ಯಾಚು ಮುಗಿದ ಮೇಲೆ ಪಿ.ಟಿ. ಮಾಷ್ಟ್ರ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ಮಾಷ್ಟ್ರೆ, ಬೆಂಚಿನಲ್ಲಿ ಅಷ್ಟು ಜನ ಕೂತಿದ್ದರು. ಒಬ್ಬನನ್ನಾದರೂ ಅರುವತ್ತಕ್ಕೆ ಇಳಿಸಬಹುದಿತ್ತಲ್ವಾ?"

"ಇಳಿಸಿದರೆ ಇವರ ಲಯ ತಪ್ಪುತ್ತದೆ. ಇದ್ದವರಲ್ಲಿ ಒಳ್ಳೆಯವರು ಇವರೇ."

"ಲಯ ಹೇಗೂ ತಪ್ಪುತ್ತಿದೆಯಲ್ಲ."

ಅವರು ನಕ್ಕರು. ಆಮೇಲೆ "ನೀವು ಬಂದು ಇಳಿಸಿ ನೋಡಿ, ಎರಡನೇ ವರ್ಷದ ಆ ಹುಡುಗ ಮೊದಲ ಬಾಲಿಗೇ ಹಳದಿ ಕಾರ್ಡು ತಿನ್ನುತ್ತಾನೆ" ಅಂದರು. ಅದೂ ಸುಳ್ಳಲ್ಲ. ಆದರೂ ನನ್ನ ಮಾತು ಬದಲಾಗುವುದಿಲ್ಲ. ನಿಯಮ ಐದು ಬದಲಿಗೆ ಅವಕಾಶ ಕೊಡುವಾಗ ಎಂಬತ್ತೈದನೇ ನಿಮಿಷಕ್ಕೆ ಒಬ್ಬನನ್ನು ಇಳಿಸಿ ಏನು ಮಾಡುವುದು? ಹಳದಿ ಕಾರ್ಡು ತಿಂದರೂ ಪರವಾಗಿಲ್ಲ, ಕಾಲಲ್ಲಿ ಶಕ್ತಿ ಇರುವವನು ಆ ಖಾಲಿ ಜಾಗದಲ್ಲಿ ಸುಮ್ನೆ ನಿಂತರೂ ಸಾಕಿತ್ತು. ಆಡದೆ ಕೂತವನು ಆಡಲು ಕಲಿಯುವುದು ಯಾವಾಗ?

ಇನ್ನೊಂದು ಮಾತು. ಚಂದ್ರಗಿರಿ ಹೊಳೆಯಿಂದ ಆಚೆಗೆ, ನೀಲೇಶ್ವರ ದಾಟಿ ಹೋದರೆ, ಫುಟ್‌ಬಾಲಿನ ಊರು. 2016ರ ಇಂಡಿಯನ್ ಸೂಪರ್ ಲೀಗ್ ಫೈನಲಿನಲ್ಲಿ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಗೋಲು ಹಾಕಿದ ಮೊಹಮ್ಮದ್ ರಾಫಿ ತೃಕ್ಕರಿಪುರದವರು. ಅಲ್ಲಿಯ ಮಕ್ಕಳು ಚಿಕ್ಕಂದಿನಿಂದ ಅಣ್ಣಂದಿರು ಆಡುವುದನ್ನು ನೋಡಿ ಎಲ್ಲಿ ನಿಲ್ಲಬೇಕು ಅಂತ ಕಲಿತಿರುತ್ತಾರೆ. ಹೊಳೆಯ ಈಚೆ ನಮ್ಮಲ್ಲಿ ಒಳ್ಳೆಯ ಕಾಲುಗಳಿಗೇನೂ ಕಡಿಮೆ ಇಲ್ಲ, ಆದರೆ ಅದೇ ಹುಡುಗ ಒಂದು ವಾರ ಕಬಡ್ಡಿ, ಇನ್ನೊಂದು ವಾರ ಕ್ರಿಕೆಟ್. ತಳಂಗರೆಯ ಮೊಹಮ್ಮದ್ ಅಜರುದ್ದೀನ್ 2021ರಲ್ಲಿ ಕೇರಳ ಕ್ರಿಕೆಟ್ ತಂಡದ ಪರ ಮುಂಬೈ ಮೇಲೆ 54 ಬಾಲಿಗೆ 137 ಹೊಡೆದಾಗ ನಮ್ಮ ವಠಾರದ ಫುಟ್‌ಬಾಲೆಲ್ಲ ಗಾಳಿ ಹೋಗಿ ಅಟ್ಟ ಸೇರಿದ್ದವು. ನಾನೂ ಅವತ್ತು ಚಪ್ಪಾಳೆ ತಟ್ಟಿದವನೇ, ಅದು ಬೇರೆ.

ಮುಂದಿನ ಶನಿವಾರ ತೃಕ್ಕರಿಪುರದ ಕಡೆಗೇ ಹೋಗಿ ಆಡಬೇಕು. ಎದುರಿನವರು ಪಟ್ಟಿಯಲ್ಲಿ ಮೇಲಿದ್ದಾರೆ. ಅವರು ಬೇಕಂತಲೇ ಮೊದಲ ಒಂದು ಗಂಟೆ ಬಾಲನ್ನು ಅತ್ತಿತ್ತ ಪಾಸ್ ಮಾಡುತ್ತಾ ನಮ್ಮವರನ್ನು ಓಡಿಸಿ ಸುಸ್ತು ಮಾಡುತ್ತಾರೆ, ನಿನ್ನೆ ಅವರ ಕೋಚು ಗೋಡೆ ಬದಿಯಲ್ಲಿ ಕೂತು ನಮ್ಮ ಆಟ ನೋಡಿ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಏನು ಬರೆದಿರಬಹುದು ಅಂತ ನನಗೂ ಗೊತ್ತು, ಮಾಷ್ಟ್ರಿಗೂ ಗೊತ್ತು. ಶುಕ್ರವಾರ ರಾತ್ರಿ ಸೆವೆನ್ಸಿಗೆ ಹೋಗಬೇಡಿ ಅಂತ ಮಾಷ್ಟ್ರು ಹುಡುಗರಿಗೆ ಹೇಳಿದ್ದಾರಂತೆ. ಉಪ್ಪಳದ ಹುಡುಗ "ಆಯ್ತು ಸರ್" ಅಂದಿದ್ದಾನೆ. ಅದೇ ಶುಕ್ರವಾರ ಕುಂಬಳೆ ಹತ್ತಿರ ಒಂದು ಸೆಮಿಫೈನಲ್ ಇದೆ ಅಂತ ಪೋಸ್ಟರ್ ನೋಡಿದೆ.