ವರದೆಯ ಹಳ್ಳದ ಬಾಯಿಗಳು

ಹುಬ್ಬಳ್ಳಿಯಿಂದ ಹಾವೇರಿಗೆ ಬರುವಾಗ ಹೈವೇ ಸೇತುವೆಯ ಮೇಲಿಂದ ವರದಾ ನದಿ ಕಾಣೋದು ನಾಲ್ಕೈದು ಸೆಕೆಂಡು. ನಮ್ಮ ಕಡೆ ಬಹಳ ಮಂದಿಗೆ ಹೊಳೆಯ ಪರಿಚಯ ಅಷ್ಟೇ. ಇಲ್ಲಾಂದ್ರೆ ಮಳೆಗಾಲದಲ್ಲಿ ಗೋವಿನಜೋಳ ಮುಳುಗಿದಾಗ ಪೇಪರಿನಲ್ಲಿ ಬರೋ ಫೋಟೊ. ಹುಟ್ಟು ಹಾಕೋ ಸಣ್ಣ ದೋಣಿಯಾದ ಕಯಾಕ್‌ನಲ್ಲಿ ಕೂತವನ ಕಣ್ಣು ನೀರಿನಿಂದ ಎರಡು ಮೊಳ ಮೇಲಿರುತ್ತದೆ. ಆಗ ಸೇತುವೆಯಿಂದ ಎಂದೂ ಕಾಣದ್ದು ಕಾಣುತ್ತದೆ: ಹೊಳೆಗೆ ಬಂದು ಸೇರೋ ಹಳ್ಳಗಳ ಬಾಯಿ.

ನನಗಂತೂ ಈಗ ನಡುಹೊಳೆಗಿಂತ ಈ ಹಳ್ಳಗಳೇ ಹೆಚ್ಚು. ಕಯಾಕ್‌ಗೆ ಗೇಣು ನೀರಿದ್ದರೆ ಸಾಕು. ಕರ್ಜಗಿ ಕಡೆ ಒಂದು ಹಳ್ಳದೊಳಗೆ ನುಗ್ಗಿದರೆ ಎರಡೂ ಬದಿ ಎರೆಮಣ್ಣಿನ ಗೋಡೆ, ಬೇಸಿಗೆಯಲ್ಲಿ ಬಿರಿದ ಗುರುತು ಇನ್ನೂ ಹಾಗೇ. ಗೋಡೆಯಲ್ಲಿ ಮಿಂಚುಳ್ಳಿ ಕೊರೆದ ತೂತುಗಳು. ಜಾಲಿ ಟೊಂಗೆ ನೀರಿನ ಮೇಲೆ ಬಾಗಿದ ಕಡೆಯೇ ಗೀಜಗ ಗೂಡು ಕಟ್ಟಿದೆ. ಹಾವಿಗೆ ಅಲ್ಲಿಗೆ ಹೋಗೋದು ಕಷ್ಟ. ಹುಟ್ಟು ತಳಕ್ಕೆ ತಾಗಿದರೆ ಕರಿ ರಾಡಿ ಹೊಗೆಯ ಹಾಗೆ ಏಳುತ್ತದೆ, ಅದು ತಿಳಿಯಾಗೋತನಕ ಸುಮ್ಮನೆ ಕೂತರೆ ಜೇಕಿನ ಬುಡದಲ್ಲಿ ಮೀನುಮರಿಗಳು ತಿರುಗಿ ಬರುತ್ತವೆ. ದೊಡ್ಡ ಹೊಳೆಯ ಸೆಳವು ತಾಳದ ಮರಿಗಳಿಗೆ ಇದೇ ತವರು. ಇಂಥ ಹಳ್ಳದ ಬಾಯಿಗೆ ಊರಿನ ಕಸ ತಂದು ಸುರಿಯೋದು ಕಂಡರೆ ಹೊಟ್ಟೆ ಉರಿಯುತ್ತದೆ.

ಒಮ್ಮೆ ಹೀಗೇ ಒಳಗೆ ಹೋಗ್ತಿದ್ದಾಗ ದಂಡೆಯಿಂದ ಒಬ್ಬ ಅಜ್ಜ ಕೂಗಿದ: “ತಮ್ಮಾ, ನಡುವ ಬ್ಯಾಡ, ಬಲಿ ಬಿಟ್ಟೀನಿ. ದಂಡಿ ಹಿಡದು ಹೋಗು.” ಅವನ ಹರಿಗೋಲು ಪಕ್ಕದಲ್ಲೇ ಬೋರಲು ಬಿದ್ದಿತ್ತು. ಬಿದಿರು ಹೆಣಿಗೆ, ಮೇಲೆ ಪ್ಲಾಸ್ಟಿಕ್ ಚೀಲ, ಡಾಂಬರು. ಅಂಬಿಗರ ಚೌಡಯ್ಯ ಹುಟ್ಟು ಹಾಕಿದ ನಾಡಿದು. ಅವನ ಹೆಸರಿನ ಚೌಡಯ್ಯದಾನಪುರ ತುಂಗಭದ್ರೆಯ ದಂಡೆಯಲ್ಲೇ ಇದೆ. ಬಲೆ ಎಲ್ಲಿದೆ, ಮಡು ಎಲ್ಲಿದೆ ಅನ್ನೋದನ್ನು ಇಂಥವರನ್ನು ಕೇಳದೆ ನೀರಿಗಿಳಿಯಬೇಡಿ.

ಹೋಗೋದಾದರೆ ದೀಪಾವಳಿ ಆದಮೇಲೆ ಹೋಗಿ. ವರದೆ ಹುಟ್ಟೋದು ಸಾಗರ ತಾಲೂಕಿನ ವರದಾಮೂಲದಲ್ಲಿ. ಹೀಗಾಗಿ ಮಳೆಗಾಲದಲ್ಲಿ ಹಾವೇರಿಯಲ್ಲಿ ಬಿಸಿಲು ಬಿದ್ದಿದ್ದರೂ ಮಲೆನಾಡಲ್ಲಿ ಮಳೆ ಹೊಡೆದರೆ ಇಲ್ಲಿ ಹೊಳೆ ಏರುತ್ತದೆ. ಮಳೆ ನಿಂತು ಬಾಂದಾರಗಳಿಗೆ (ಹೊಳೆಗೆ ಅಡ್ಡ ಕಟ್ಟಿದ ಗಿಡ್ಡ ಒಡ್ಡುಗಳಿಗೆ) ಹಲಗೆ ಇಳಿಸಿದ ಮೇಲೆ ನೀರು ನಿಲ್ಲುತ್ತದೆ, ಆಗಲೇ ಕಯಾಕ್‌ಗೆ ಹದ. ಆದರೆ ನೀರು ಧುಮುಕುತ್ತಿರೋ ಬಾಂದಾರದ ಹತ್ತಿರ ಸುಳಿಯಲೇಬೇಡಿ. ಕೆಳಗೆ ನೀರು ಹಿಂದಕ್ಕೆ ಮಗುಚುತ್ತಿರುತ್ತದೆ, ಸಿಕ್ಕವರನ್ನು ಬಿಡೋದಿಲ್ಲ. ಲೈಫ್ ಜಾಕೆಟ್ ಈಜು ಬಂದವರಿಗೂ ಬೇಕು. ಪಂಪ್‌ಸೆಟ್ ಇದ್ದ ಕಡೆ ಪೈಪು, ವೈರು ನೋಡಿಕೊಂಡು ದೂರದಿಂದಲೇ ಸಾಗಿ.

ಇನ್ನೊಂದು ಜಾಗ ಗಳಗನಾಥ. ವರದೆ ತುಂಗಭದ್ರೆಯನ್ನು ಸೇರೋದು ಅಲ್ಲೇ. ಚಾಲುಕ್ಯರ ಕಾಲದ ಗಳಗೇಶ್ವರ ಗುಡಿಯನ್ನು ನೀರಿನಿಂದ ನೋಡಬೇಕು. ಬುಡ ಅಗಲಕ್ಕೆ ಹರಡಿ ಇಳಿಜಾರಾಗಿ ಮೇಲೇರಿದ್ದು ಆಗ ಚಂದ ಗೊತ್ತಾಗುತ್ತದೆ. ಹೊಳೆ ಪಕ್ಕ ಕಟ್ಟೋರಿಗೆ ಹೊಳೆ ಗೊತ್ತಿತ್ತು ಅಂತ ನನಗೆ ಅನ್ನಿಸೋದು ಅದನ್ನು ನೋಡಿದಾಗಲೇ.

ಈ ಸಲ ಮುದೇನೂರು ಹತ್ತಿರ ಕುಮುದ್ವತಿ ತುಂಗಭದ್ರೆಗೆ ಕೂಡೋ ಕಡೆಯಿಂದ ಒಳಗೆ ಹುಟ್ಟು ಹಾಕೋ ವಿಚಾರವಿದೆ. ಆ ದಂಡೆಯ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ, ಡಿಸೆಂಬರಿನಲ್ಲಿ ಅಲ್ಲಿ ಎಷ್ಟು ದೂರದವರೆಗೆ ನೀರು ನಿಂತಿರುತ್ತದೆ?