ಒಂಟಿ ಕಾಲಲ್ಲಿ ಹಲ್ಲುಜ್ಜುವುದು

ಕಳೆದ ವರ್ಷ ಒಂದೇ ಆಂಕಲ್ ಮೂರು ಸಲ ಉಳುಕಿತು. ಬಲಗಾಲು, ಹೊರಬದಿ, ಮೂರು ಸಲವೂ ಅದೇ ಜಾಗ. ಮೊದಲ ಸಲ ಫುಟ್‌ಬಾಲ್ ಆಡುವಾಗ ಹೆಡ್ಡರ್‌ಗೆ ಹಾರಿ ಇನ್ನೊಬ್ಬನ ಪಾದದ ಮೇಲೆ ಇಳಿದೆ. ಸರಿ, ಆಟ ಅಂದಮೇಲೆ ಅದೆಲ್ಲ ಆಗುತ್ತೆ. ಎರಡನೇ ಸಲ ಸುಮ್ನೆ ತಿರುಗಿದೆ ಅಷ್ಟೇ, ಹತ್ತಿರ ಯಾರೂ ಇರಲಿಲ್ಲ. ಮೂರನೇ ಸಲ ಫುಟ್‌ಬಾಲೇ ಇರಲಿಲ್ಲ. ತರಕಾರಿ ಚೀಲ ಹಿಡಿದು ಫುಟ್‌ಪಾತಿನಿಂದ ಇಳಿಯುತ್ತಿದ್ದೆ, ಬೆಂಗಳೂರಿನ ಫುಟ್‌ಪಾತ್ ಹೇಗಿರುತ್ತೆ ಗೊತ್ತಲ್ವಾ, ಕಾಲು ಮಡಚಿಕೊಂಡಿತು, ಟೊಮೆಟೊ ಎಲ್ಲ ರಸ್ತೆಗೆ ಉರುಳಿತು, ಆಟೋದವನೊಬ್ಬ ನಿಲ್ಲಿಸಿ ಅರ್ಧ ಕೆಜಿ ಆರಿಸಿ ಕೊಟ್ಟ.

ನಾವು ಆಡುವುದು ಬುಧವಾರ ರಾತ್ರಿ ಒಂಬತ್ತರಿಂದ ಹತ್ತು, ಬಾಡಿಗೆ ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ, ಒಂದು ಕಡೆಗೆ ಐದು ಜನ. ಇಪ್ಪತ್ನಾಲ್ಕರ ಹುಡುಗನಿಂದ ಹಿಡಿದು ನಲವತ್ಮೂರರ ಬ್ಯಾಂಕ್ ಮ್ಯಾನೇಜರ್‌ವರೆಗೆ ಎಲ್ಲರೂ ಇದ್ದೇವೆ. ದಿನವಿಡೀ ಕುರ್ಚಿಯಲ್ಲಿ ಕೂತು, ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಗೇರ್ ಬದಲಿಸಿ, ಒಂಬತ್ತು ಗಂಟೆ ಐದು ನಿಮಿಷಕ್ಕೆ ಬೈಕ್ ನಿಲ್ಲಿಸಿ, ಶೂ ಲೇಸ್ ಕಟ್ಟುತ್ತಲೇ ಓಡಿ ಒಳಗೆ ಹೋಗುವ ಜಾತಿ. ಗಂಟೆಗೆ ದುಡ್ಡು ಕೊಟ್ಟಿರುತ್ತೇವೆ, ವಾರ್ಮಪ್‌ಗೆ ಯಾರು ಟೈಮ್ ಕೊಡುತ್ತಾರೆ?

ಮೊದಲ ಸಲ ಉಳುಕಿದಾಗ ನಾನು ಮಾಡಿದ್ದೆಲ್ಲ ತಪ್ಪೇ. ಯಾರದೋ ಬ್ಯಾಗಿನಿಂದ ನೋವಿನ ಸ್ಪ್ರೇ ಬಂತು, ಹೊಡೆದುಕೊಂಡೆ, ತಣ್ಣಗಾಯಿತು, ಇನ್ನೂ ಇಪ್ಪತ್ತು ನಿಮಿಷ ಆಡಿದೆ. ಸ್ಪ್ರೇ ನೋವನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತೆ ಅಷ್ಟೇ, ಹರಿದದ್ದು ಹರಿದೇ ಇರುತ್ತೆ. ಮಾರನೇ ದಿನ ಹಾಸನದಿಂದ ಅಮ್ಮನ ಫೋನು. "ಯಾರ ಹತ್ರನಾದ್ರೂ ಹೋಗಿ ಉಳುಕು ತೆಗೆಸ್ಕೊಳೋ, ಸುಮ್ನೆ ಕೂತ್ರೆ ಹೋಗುತ್ತಾ?" ಹೋದೆ. ಅವರು ಬಿಸಿ ಎಣ್ಣೆ ಹಾಕಿ ತಿಕ್ಕಿ, ಹೆಬ್ಬೆರಳಿನಿಂದ ಒತ್ತಿ, ಕೊನೆಗೆ ಪಾದ ಹಿಡಿದು ಒಂದು ಎಳೆತ ಎಳೆದರು. ನಕ್ಷತ್ರ ಕಂಡವು. ಸಂಜೆ ಹೊತ್ತಿಗೆ ಕಾಲು ಬೇಕರಿ ಬನ್ನಿನ ಹಾಗೆ ಊದಿತ್ತು.

ನಾಟಿ ವೈದ್ಯವನ್ನು ಆಡಿಕೊಳ್ಳುವ ಉದ್ದೇಶ ನನಗಿಲ್ಲ. ಪುತ್ತೂರು ಕಟ್ಟು ಅಂತ ಬೋರ್ಡ್ ಇಲ್ಲದ ಏರಿಯಾ ಬೆಂಗಳೂರಲ್ಲಿ ಸಿಗುವುದೇ ಕಷ್ಟ, ನಮ್ಮ ಮನೆಯಲ್ಲೇ ಅಲ್ಲಿ ಕೈ ಕಟ್ಟಿಸಿಕೊಂಡವರಿದ್ದಾರೆ. ಆದರೆ ಉಳುಕು ಅಂದರೆ ಒಳಗೆ ಏನಾಗಿರುತ್ತೆ ನೋಡಿ. ಮೂಳೆಗೂ ಮೂಳೆಗೂ ಕಟ್ಟಿದ ನಾರು, ಅಂದರೆ ಲಿಗಮೆಂಟ್, ಅದರ ಎಳೆಗಳು ಹರಿದು ಒಳಗೊಳಗೇ ರಕ್ತ ಸೋರುತ್ತಿರುತ್ತೆ. ಪಾದ ಒಳಕ್ಕೆ ಮಡಚಿದರೆ ಮೊದಲು ಹರಿಯುವುದು ಹೊರಬದಿಯ ಮುಂದಿನ ನಾರು. ಹಾಗೆ ಸೋರುತ್ತಿರುವ ಜಾಗವನ್ನು ಮೊದಲ ಎರಡು ಮೂರು ದಿನ ಬಿಸಿ ಮಾಡಿ ತಿಕ್ಕಿದರೆ ಜಾಸ್ತಿಯೇ ಸೋರುತ್ತೆ. ಬಿಸಿನೀರು, ಬಾಮ್, ಮ್ಯಾಚ್ ಮುಗಿದ ಮೇಲಿನ ಬಿಯರು, ಎಲ್ಲ ಅದೇ ಲೆಕ್ಕ.

ಮಾಡಬೇಕಾದ್ದು ಬೋರು ಹೊಡೆಸುವಷ್ಟು ಸರಳ. ಆಟ ನಿಲ್ಲಿಸಿ. ಬೆರಳ ಕಡೆಯಿಂದ ಶುರುಮಾಡಿ ಮೇಲಕ್ಕೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ಬೆರಳು ನೀಲಿಯಾಗುವಷ್ಟು ಬಿಗಿ ಬೇಡ. ಮಲಗುವಾಗ ಕಾಲ ಕೆಳಗೆ ಎರಡು ದಿಂಬು. ಐಸ್ ಇಟ್ಟರೆ ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ. ಐಸ್ ನೋವಿಗೆ ಒಳ್ಳೆಯದು, ಬೇಗ ಗುಣವಾಗುತ್ತೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ವಿಶ್ರಾಂತಿ, ಐಸ್, ಬ್ಯಾಂಡೇಜು, ಕಾಲು ಮೇಲೆ ಅನ್ನುವ ಸೂತ್ರವನ್ನು 1978ರಲ್ಲಿ ಬರೆದ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ ಆಮೇಲೆ, ಐಸೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದು ಅಂತ ಮಾತು ಬದಲಿಸಿದರು. ಎರಡು ಮೂರು ದಿನ ಕಳೆದ ಮೇಲೆ ನೋವು ತಡೆಯುವಷ್ಟು ಓಡಾಡಬೇಕು. ಮಂಚ ಹಿಡಿದು ಕೂತರೆ ಕಾಲು ಇನ್ನಷ್ಟು ಗಟ್ಟಿ ಹಿಡಿಯುತ್ತೆ.

ಎಕ್ಸ್‌ರೇ ಬೇಕಾ ಬೇಡ್ವಾ ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಕೆನಡಾದ ಒಟ್ಟಾವಾದ ಡಾಕ್ಟರುಗಳು 1992ರಲ್ಲಿ ಹಾಕಿಕೊಟ್ಟಿದ್ದು. ಬಿದ್ದ ತಕ್ಷಣವೂ, ಆಸ್ಪತ್ರೆಗೆ ಬಂದ ಮೇಲೂ, ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲ ಅಂದರೆ ಎಕ್ಸ್‌ರೇ ತೆಗೆಸಿ. ಆಂಕಲ್‌ನ ಎರಡೂ ಬದಿಯ ಉಬ್ಬು ಮೂಳೆಯ ಹಿಂಬದಿ ಅಂಚನ್ನೋ ತುದಿಯನ್ನೋ ಒತ್ತಿದರೆ ನೋವಾಗುತ್ತೆ ಅಂದರೂ ತೆಗೆಸಿ. ಕಿರುಬೆರಳಿನ ಸಾಲಿನಲ್ಲಿ ಪಾದದ ನಡುವಿನ ಉಬ್ಬು, ಪಾದದ ಒಳಬದಿಯ ನಡುಭಾಗ, ಈ ಎರಡು ಜಾಗಕ್ಕೂ ಅದೇ ಮಾತು. ಅನುಮಾನ ಇದ್ದರೆ ತೋರಿಸಿಬಿಡಿ, ನಾನು ಡಾಕ್ಟರಲ್ಲ.

ಟೊಮೆಟೊ ಪ್ರಸಂಗದ ನಂತರ ಫಿಸಿಯೋ ಹತ್ತಿರ ಹೋದೆ. ಚಿಕ್ಕ ಹುಡುಗಿ, ನನಗಿಂತ ಹತ್ತು ವರ್ಷ ಕಿರಿಯಳಿರಬೇಕು. ಕಾಲು ಮುಟ್ಟಲೂ ಇಲ್ಲ. "ಸರ್, ಬಲಗಾಲಲ್ಲಿ ನಿಂತು ಕಣ್ಣು ಮುಚ್ಚಿ" ಅಂದರು. ನಿಂತೆ. ಮೂರು ಸೆಕೆಂಡಿಗೆ ಪಕ್ಕದ ಟೇಬಲ್ ಹಿಡಿದುಕೊಂಡೆ. ಎಡಗಾಲಲ್ಲಿ ಆರಾಮಾಗಿ ಇಪ್ಪತ್ತು ಎಣಿಸಿದರು. ನೋವು ಎಳ್ಳಷ್ಟೂ ಇರಲಿಲ್ಲ, ಊತ ಇಳಿದು ಎಷ್ಟೋ ದಿನ ಆಗಿತ್ತು, ಆದರೂ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಪಾದ ಎಷ್ಟು ವಾಲಿದೆ ಅಂತ ಮಿದುಳಿಗೆ ಸುದ್ದಿ ಕೊಡುವ ನರದ ತುದಿಗಳು ಆ ನಾರಿನಲ್ಲೂ ಇರುತ್ತವಂತೆ. ನಾರು ಹರಿದಾಗ ಆ ಸುದ್ದಿಯೂ ಕೆಡುತ್ತೆ. ಕಾಲು ಮಡಚುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಮಡಚಿಯೇ ಆಗಿರುತ್ತೆ. ಎರಡು ವಾರಕ್ಕೆ ನೋವು ಹೋಯ್ತು ಅಂತ ಟರ್ಫ್‌ಗೆ ಓಡಿದ್ದೆನಲ್ಲ, ಅದಕ್ಕೇ ಎರಡನೇ ಉಳುಕು, ಅದಕ್ಕೇ ಮೂರನೆಯದು.

ಆಮೇಲೆ ಮೂರು ತಿಂಗಳು ನಡೆದದ್ದು ಮನೆಯವರಿಗೆಲ್ಲ ತಮಾಷೆ. ಕಾಲ ಹೆಬ್ಬೆರಳಿನಿಂದ ಗಾಳಿಯಲ್ಲಿ ಎಬಿಸಿಡಿ ಬರೆಯಿರಿ ಅಂದಿದ್ದರು. ನಾನು ಅ ಆ ಇ ಈ ಬರೆದೆ. ನಮ್ಮ ಅಕ್ಷರ ದುಂಡಗಿರುವುದರಿಂದ ಆಂಕಲ್‌ಗೆ ಇಂಗ್ಲಿಷಿಗಿಂತ ಒಳ್ಳೆಯ ವ್ಯಾಯಾಮ ಅಂತ ನನ್ನ ಸ್ವಂತ ಸಂಶೋಧನೆ. ಋ ಬರೆಯುವಾಗ ಮೀನಖಂಡ ಹಿಡಿದುಕೊಳ್ಳುತ್ತೆ, ಹುಷಾರು. ಹಲ್ಲುಜ್ಜುವಾಗ ಒಂಟಿ ಕಾಲು, ಹಾಲು ಉಕ್ಕುವುದನ್ನು ಕಾಯುವಾಗ ಒಂಟಿ ಕಾಲು. "ಕೊಕ್ಕರೆ ತರ ನಿಂತಿದೀರಲ್ಲ, ಹಾಲು ಉಕ್ಕಿದ್ದು ಕಾಣ್ಸಲಿಲ್ವಾ" ಅಂತ ಹೆಂಡತಿ. ಆಮೇಲೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಮೊದಲು ಎರಡೂ ಕಾಲು, ಆಮೇಲೆ ಒಂದೇ. ರಬ್ಬರ್ ಪಟ್ಟಿ ಕಟ್ಟಿ ಪಾದವನ್ನು ಹೊರಕ್ಕೆ ತಳ್ಳುವುದು. ಆಮೇಲೆ ಕುಂಟಬಿಲ್ಲೆ ಆಡಿದ ಹಾಗೆ ಒಂಟಿ ಕಾಲಲ್ಲಿ ಹಾರುವುದು, ಮುಂದಕ್ಕೆ, ಪಕ್ಕಕ್ಕೆ. ನೇರ ಓಟ, ಆಮೇಲೆ ತಿರುಗುವ ಓಟ, ಎಲ್ಲಕ್ಕಿಂತ ಕೊನೆಗೆ ಚೆಂಡು. ಮತ್ತೆ ಆಡಲು ಶುರುಮಾಡಿದಾಗ ಲೇಸ್ ಇರುವ ಆಂಕಲ್ ಬ್ರೇಸ್ ಹಾಕಿದೆ. ಒಂದು ಸಲ ಉಳುಕಿದವರಿಗೆ ಅದು ನಿಜಕ್ಕೂ ಉಪಯೋಗ.

ನನ್ನದು ಚಿಲ್ಲರೆ ಕಥೆ. ನಮ್ಮ ಟೀಮಿನಲ್ಲಿ ಒಳ್ಳೆಯ ಡ್ರಿಬಲರ್ ಒಬ್ಬನಿದ್ದಾನೆ. ಒಂದು ಬುಧವಾರ ಓಡುತ್ತಾ ಓಡುತ್ತಾ ಗಕ್ಕನೆ ನಿಂತು ತಿರುಗಿದ, ಯಾರೂ ಮುಟ್ಟಿರಲಿಲ್ಲ, "ಟಕ್" ಅಂತ ಸದ್ದು ನನಗೇ ಕೇಳಿಸಿತು. ಮನೆ ಮುಟ್ಟುವುದರೊಳಗೆ ಮಂಡಿ ಊದಿತ್ತು. ಈ ಮೂರು ಒಟ್ಟಿಗೆ ಬಂದರೆ, ತಿರುಗಿದ್ದು, ಸದ್ದು, ಒಂದೆರಡು ಗಂಟೆಯಲ್ಲಿ ಊತ, ಎಸಿಎಲ್, ಅಂದರೆ ಮಂಡಿಯೊಳಗಿನ ಒಂದು ಮುಖ್ಯ ಲಿಗಮೆಂಟ್, ಹರಿದಿದೆ ಅಂತಲೇ ಮೊದಲು ಅನುಮಾನಪಡಬೇಕು. ಎಮ್‌ಆರ್‌ಐ ಹಾಗೇ ಹೇಳಿತು. ಎಲ್ಲರಿಗೂ ಆಪರೇಷನ್ ಬೇಕು ಅಂತಿಲ್ಲ, ಬರೀ ವ್ಯಾಯಾಮದಲ್ಲಿ ಸುಧಾರಿಸುವವರಿದ್ದಾರೆ, ಆದರೆ ಅವನಿಗೆ ಮತ್ತೆ ತಿರುಗಿ ಓಡುವ ಆಟವೇ ಬೇಕಿತ್ತು. ತೊಡೆ ಹಿಂಭಾಗದ ಸ್ವಂತ ಸ್ನಾಯುರಜ್ಜನ್ನೇ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯನ್ನೇ, ತೆಗೆದು ಮಂಡಿಯೊಳಗೆ ಕೂರಿಸಿದರು.

ಅವನಿಗೆ ಆಪರೇಷನ್‌ಗಿಂತ ಕಷ್ಟವಾದದ್ದು ಐದನೇ ತಿಂಗಳು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಜಾಗಿಂಗ್ ಕೂಡ ಆಗುತ್ತೆ, ನೋವಿಲ್ಲ. "ಮಗಾ, ಬರೀ ಹತ್ತು ನಿಮಿಷ ಆಡ್ತೀನಿ" ಅಂತ ಮೆಸೇಜು. ನಾರ್ವೆಯಲ್ಲಿ ಎಸಿಎಲ್ ಆಪರೇಷನ್ ಆದವರನ್ನು ಎರಡು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2016ರಲ್ಲಿ ಬಂತು. ಒಂಬತ್ತು ತಿಂಗಳು ತುಂಬುವವರೆಗೆ, ಮೈದಾನಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಾಗಲೂ ಮಂಡಿ ಮತ್ತೆ ಕೆಡುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಜೊತೆಗೆ ಆಪರೇಷನ್ ಆದ ಕಾಲಿನ ಶಕ್ತಿ ಇನ್ನೊಂದರ ಶೇ 90ರಷ್ಟಾದರೂ ಇರಬೇಕು. ಅವನಿಗೆ ನಾನು ಅಂಕಿ ಹೇಳಲಿಲ್ಲ, ರೊನಾಲ್ಡೊ ಕಥೆ ಹೇಳಿದೆ. ಬ್ರೆಜಿಲ್‌ನವನು. 1999ರ ನವೆಂಬರ್‌ನಲ್ಲಿ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಹರಿದು ಆಪರೇಷನ್, 2000ದ ಏಪ್ರಿಲ್ 12ಕ್ಕೆ ಇಟಲಿಯ ಕಪ್ ಫೈನಲ್‌ನಲ್ಲಿ ಲಾಜಿಯೋ ಕ್ಲಬ್ ವಿರುದ್ಧ ಇಂಟರ್ ಮಿಲಾನ್ ಕ್ಲಬ್ ಪರ ಬದಲಿ ಆಟಗಾರನಾಗಿ ಇಳಿದ. ಕೆಲವೇ ನಿಮಿಷ. ಡ್ರಿಬಲ್ ಮಾಡಲು ಹೋಗಿ ಯಾರೂ ಮುಟ್ಟದೆ ಅದೇ ಮಂಡಿ ಪೂರ್ತಿ ಹೋಯಿತು. ಆಮೇಲೆ 2002ರ ವರ್ಲ್ಡ್ ಕಪ್‌ನಲ್ಲಿ ಎಂಟು ಗೋಲು ಹೊಡೆದ ಅನ್ನುವುದು ಎಲ್ಲರಿಗೂ ನೆನಪಿದೆ, ಆ ವಿಚಿತ್ರ ಹೇರ್‌ಕಟ್ ಕೂಡ. ನಡುವೆ ಕಳೆದ ಎರಡು ವರ್ಷ ಯಾರಿಗೂ ನೆನಪಿಲ್ಲ.

ಇಷ್ಟೆಲ್ಲ ಆದ ಮೇಲೆ ನಮ್ಮ ಗುಂಪು ವಾರ್ಮಪ್ ಶುರುಮಾಡಿತು, ಟರ್ಫ್ ಹೊರಗೆ, ಪಾರ್ಕಿಂಗ್‌ನಲ್ಲಿ, ಬೈಕುಗಳ ಮಧ್ಯೆ. ಎಂಟು ಮುಕ್ಕಾಲಿಗೆ ಬರದವರು ಮೊದಲು ಗೋಲಿಗೆ ನಿಲ್ಲಬೇಕು ಅನ್ನುವುದು ರೂಲು. ಫಿಫಾದವರ "11+" ಅಂತ ಒಂದು ಕ್ರಮ ಇದೆ, ಪುಕ್ಕಟೆ ಸಿಗುತ್ತೆ, ಪೂರ್ತಿ ಮಾಡಿದರೆ ಇಪ್ಪತ್ತು ನಿಮಿಷ. ನಿಧಾನ ಓಟ, ಶಕ್ತಿ ಮತ್ತು ಸಮತೋಲನದ ವ್ಯಾಯಾಮ, ಕೊನೆಗೆ ಜೋರು ಓಟ. ನಾರ್ವೆಯ ಹುಡುಗಿಯರ ತಂಡಗಳಲ್ಲಿ ಪರೀಕ್ಷಿಸಿದಾಗ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು ಅಂತ 2008ರಲ್ಲೇ ಪ್ರಕಟವಾಗಿದೆ. ನಿಂತಲ್ಲೇ ಕಾಲು ಹಿಡಿದು ಎಳೆಯುವ ನಮ್ಮ ಹಳೇ ಸ್ಟ್ರೆಚಿಂಗ್ ಅದರಲ್ಲಿ ಇಲ್ಲವೇ ಇಲ್ಲ.

ಅದರಲ್ಲಿ ಎಲ್ಲರೂ ಬೈಯುವುದು ನಾರ್ಡಿಕ್ ಅನ್ನುವ ಒಂದನ್ನು. ಮಂಡಿಯೂರಿ ಕೂರಬೇಕು, ಹಿಂದಿನಿಂದ ಒಬ್ಬ ಹಿಮ್ಮಡಿ ಒತ್ತಿ ಹಿಡಿಯಬೇಕು, ಮೈ ನೆಟ್ಟಗೆ ಇಟ್ಟು ಮರ ಬೀಳುವ ಹಾಗೆ ನಿಧಾನ ಮುಂದಕ್ಕೆ ಬಾಗುತ್ತಾ ತೊಡೆಯ ಹಿಂಭಾಗದಿಂದ ತಡೆಯಬೇಕು. ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆ ಹಿಂಭಾಗದ ಸ್ನಾಯುವಿನ ಗಾಯ ಅರ್ಧದಷ್ಟು ಕಡಿಮೆ ಮಾಡುತ್ತೆ, ಇದಕ್ಕೆ ಆಧಾರ ಗಟ್ಟಿಯಾಗಿದೆ. ಆದರೆ ಮೊದಲ ದಿನ ಹುಮ್ಮಸ್ಸಿನಲ್ಲಿ ಹದಿನೈದು ಮಾಡಿದ ಬ್ಯಾಂಕ್ ಮ್ಯಾನೇಜರ್ ಎರಡು ದಿನ ಇಂಡಿಯನ್ ಟಾಯ್ಲೆಟ್ ಕಡೆ ತಲೆ ಹಾಕಲಿಲ್ಲ. ಮೂರರಿಂದ ಐದು ಸಾಕು ಶುರುವಿಗೆ.

ಶೂ ಬಗ್ಗೆ ಒಂದು ಮಾತು. ಹುಲ್ಲಿನ ಮೈದಾನಕ್ಕೆ ಮಾಡಿದ ಉದ್ದ ಸ್ಟಡ್‌ನ ಬೂಟನ್ನು ಟರ್ಫ್‌ಗೆ ಹಾಕಬೇಡಿ. ಸ್ಟಡ್ ಕಚ್ಚಿಕೊಳ್ಳುತ್ತೆ, ಮೈ ತಿರುಗುತ್ತೆ, ಪಾದ ತಿರುಗಲ್ಲ, ಏಟೆಲ್ಲ ಮಂಡಿಗೆ. ಚಿಕ್ಕ ಚಿಕ್ಕ ರಬ್ಬರ್ ಗುಬ್ಬಿಗಳಿರುವ ಟರ್ಫ್ ಶೂ ಸಿಗುತ್ತೆ, ಅದೇ ಸಾಕು. ಇನ್ನು ತಲೆಗೆ ತಲೆ ಡಿಕ್ಕಿ ಹೊಡೆದು ಯಾರಾದರೂ ಮಂಕಾಗಿ ಕೂತರೆ, ಒಂದೇ ಪ್ರಶ್ನೆ ಎರಡು ಸಲ ಕೇಳಿದರೆ, ಅವತ್ತಿಗೆ ಆಟ ಮುಗಿಯಿತು. ಬೈಕ್ ಕೀ ಕಿತ್ತುಕೊಂಡು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ನಮ್ಮ ಡ್ರಿಬಲರ್‌ಗೆ ಈಗ ಏಳನೇ ತಿಂಗಳು. ಬುಧವಾರ ತಪ್ಪದೆ ಬರುತ್ತಾನೆ. "ಗೋಲ್‌ಕೀಪರ್ ಆಗಿಯಾದ್ರೂ ನಿಲ್ಸಿ ಗುರು" ಅಂತ ವಾರಕ್ಕೊಂದು ಅರ್ಜಿ ಹಾಕುತ್ತಾನೆ, ಕೀಪರ್ ಕೂಡ ಹಾರಬೇಕು, ಇಳಿಯಬೇಕು ಅಂತ ವಾರಕ್ಕೊಮ್ಮೆ ತಿರಸ್ಕರಿಸುತ್ತೇವೆ. ಸದ್ಯಕ್ಕೆ ಪಾರ್ಕಿಂಗ್‌ನಲ್ಲಿ ವಾರ್ಮಪ್ ಮಾಡಿಸುವ ಕೆಲಸ ಅವನದು. ಕೈಯಲ್ಲಿ ಸೀಟಿ ಬೇರೆ. ಹೋದ ವಾರ ನನ್ನ ಹಿಮ್ಮಡಿ ಹಿಡಿದು ಕೂತವನು ಎಣಿಸುವಾಗ ನಾಲ್ಕನ್ನು ಎರಡು ಸಲ ಹೇಳಿದ, ಬೇಕಂತಲೇ.