ಮಳೆ ಬಂದದ್ದು ಎಲ್ಲಿ?

"ನಾಲ್ಕು ದಿನದಿಂದ ಕೊಲಂಬಿಯಾದಲ್ಲಿ ಒಂದು ಹನಿ ಬಿದ್ದಿಲ್ಲ. ಕಾಡಿನ ಹಲಗೆ ಹಾದಿ ಹೇಗೆ ಮುಳುಗುತ್ತೆ?" ಮೊನ್ನೆ ಶನಿವಾರ ಅಮೆರಿಕದ ಕಾಂಗರಿ ರಾಷ್ಟ್ರೀಯ ಉದ್ಯಾನದ ಕೌಂಟರಿನಲ್ಲಿ ಒಬ್ಬರು ದನಿಯೇರಿಸಿ ಕೇಳುತ್ತಿದ್ದರು. ಕಾಲಲ್ಲಿ ಹೊಸ ಬಿಳಿ ಕ್ಯಾನ್ವಾಸ್ ಶೂ. ರೇಂಜರ್ ಹೇಳಿದ್ದು ಇಷ್ಟೇ: "ಇಲ್ಲಿ ಮಳೆ ಬಂತಾ ಅಂತ ನೋಡಬೇಡಿ. ಮೇಲೆ ಬಂತಾ ನೋಡಿ."

ದಕ್ಷಿಣ ಕೆರೊಲಿನಾ ರಾಜ್ಯದ ರಾಜಧಾನಿ ಕೊಲಂಬಿಯಾಕ್ಕೆ ಹೊರಡುವವರಿಗೆ ಬೇಕಾದ ಮಾತು ಅದೊಂದೇ. ಊರಿನ ಮಗ್ಗುಲಲ್ಲೇ ಬ್ರಾಡ್ ಮತ್ತು ಸಲೂಡ ಹೊಳೆಗಳು ಕೂಡಿ ಕಾಂಗರಿ ನದಿಯಾಗುತ್ತವೆ. ಈ ಹೊಳೆಗಳ ಮೇಲಿನ ಸೀಮೆಯಲ್ಲಿ ಸುರಿದ ಮಳೆ ಕೆಲವು ದಿನ ಬಿಟ್ಟು, ಚುರುಕು ಬಿಸಿಲಲ್ಲೇ, ಸುಮಾರು 30 ಕಿ.ಮೀ. ಕೆಳಗಿನ ಉದ್ಯಾನದ ಕಾಡಿಗೆ ನುಗ್ಗುತ್ತದೆ. ವರ್ಷಕ್ಕೆ ಸುಮಾರು 10 ಸಲ.

ಆದ್ದರಿಂದ ಹಿಂದಿನ ದಿನವೇ ಉದ್ಯಾನದ ಸೂಚನೆಯನ್ನೂ ಅದರೊಳಗೆ ಹರಿಯುವ ಸೀಡರ್ ಕ್ರೀಕ್ ಹೊಳೆಯ ನೀರಿನ ಮಟ್ಟವನ್ನೂ ನೋಡಿ. ಮಟ್ಟ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ಹಲಗೆ ಹಾದಿಯ ಸುತ್ತು ಸುಮಾರು 4 ಕಿ.ಮೀ. ಒಂದು ಭಾಗ ಕಂಬಗಳ ಮೇಲೆ ಎತ್ತರದಲ್ಲಿದೆ, ಇನ್ನೊಂದು ನೆಲಕ್ಕೆ ಅಂಟಿಕೊಂಡಿದೆ. ಮೊದಲು ಮುಳುಗುವುದು ಈ ತಗ್ಗಿನದು. ಹಾಗಾದಾಗ ಎತ್ತರದ ಹಾದಿಯಲ್ಲಿ ಆದಷ್ಟು ದೂರ ಹೋಗಿ ಅದರಲ್ಲೇ ಮರಳಿ ಬನ್ನಿ. ಕದಡಿದ ನೀರಿನಡಿ ಹಲಗೆಯ ಅಂಚು ಕಾಣುವುದಿಲ್ಲ, ಅಂದಾಜಿನಲ್ಲಿ ಕಾಲಿಡಬೇಡಿ. ನೀರು ಇಳಿದ ಮೇಲೂ ಸಣ್ಣ ಗೋಡುಮಣ್ಣು ಹಲಗೆಗೆ ಮೆತ್ತಿಕೊಂಡಿರುತ್ತದೆ, ಹಿಡಿತವಿರುವ ರಬ್ಬರ್ ಅಟ್ಟೆಯ ಶೂ ಬೇಕು. ಬೇಸಿಗೆಯಾದರೆ ತುಂಬುತೋಳಿನ ಅಂಗಿಯೂ ಬೇಕು. ಸಂದರ್ಶಕರ ಕೇಂದ್ರದ ಗೋಡೆಯಲ್ಲಿ ಸೊಳ್ಳೆ ಕಾಟ ಎಷ್ಟೆಂದು ತೋರಿಸಲೆಂದೇ 6ರವರೆಗಿನ ಮೀಟರ್ ಇದೆ. ಪ್ರವೇಶ ಶುಲ್ಕವಿಲ್ಲ. ಹೊಳೆಯಲ್ಲಿ ಸಾಗಬೇಕೆಂದರೆ ದೋಣಿ ಅಲ್ಲಿ ಬಾಡಿಗೆಗೆ ಸಿಗದು, ಊರಿನಿಂದಲೇ ಒಯ್ಯಬೇಕು.

ಬಹುತೇಕರು ಇಡೀ ದಿನವನ್ನು ಊರಿಗೆ ಕೊಟ್ಟು ಕಾಡಿಗೆ ಒಂದು ಗಂಟೆ ಉಳಿಸುತ್ತಾರೆ. ಅದು ತಪ್ಪು ಲೆಕ್ಕ. ರಾಜ್ಯದ ಶಾಸನಸಭೆ ಸೇರುವ ಸ್ಟೇಟ್ ಹೌಸ್ ನೋಡಲೇಬೇಕು, ನಿಜ. ಅಮೆರಿಕದ ಅಂತರ್ಯುದ್ಧದಲ್ಲಿ, 1865ರ ಫೆಬ್ರವರಿಯಲ್ಲಿ, ಉತ್ತರದ ಸೇನಾನಿ ಶರ್ಮನ್‌ನ ಸೇನೆ ಇದೇ ನದಿಯ ಆಚೆ ದಡದಿಂದ ಹಾರಿಸಿದ ಫಿರಂಗಿ ಗುಂಡುಗಳು ತಾಗಿದ ಜಾಗಗಳನ್ನು ಪಶ್ಚಿಮದ ಗೋಡೆಯಲ್ಲಿ 6 ಕಂಚಿನ ನಕ್ಷತ್ರಗಳು ತೋರಿಸುತ್ತವೆ. ಆಗಿನ್ನೂ ಕಟ್ಟಡ ಅರ್ಧವಾಗಿತ್ತು, ಮುಗಿದದ್ದು 1907ಕ್ಕೆ. ಅದನ್ನು ಬೆಳಗ್ಗೆಯೇ ಮುಗಿಸಿ ಕಾಡಿಗೆ ಹೊರಡಿ.

ಏಕೆಂದರೆ ಆ ಬಿಳಿ ಶೂ ಮಹಾಶಯರು ಬೈಯುತ್ತಿದ್ದ ನೀರೇ ಈ ಕಾಡನ್ನು ಉಳಿಸಿದ್ದು. 19ನೆಯ ಶತಮಾನದ ಕೊನೆಗೆ ಮರದ ಕಂಪನಿಯೊಂದು ಇಲ್ಲಿನ ಸೈಪ್ರೆಸ್ ಮರಗಳನ್ನು ಕಡಿಯಲು ಬಂತು. ಜೌಗಿನಲ್ಲಿ ದಾರಿಯಿಲ್ಲ, ನದಿಯಲ್ಲೇ ತೇಲಿಸಬೇಕು. ಆ ತೇವದಲ್ಲಿ ದಿಮ್ಮಿಗಳು ಒಣಗಲಿಲ್ಲ, ಹಸಿಯಾಗಿದ್ದವು ತೇಲಲಿಲ್ಲ. 10 ವರ್ಷದೊಳಗೆ ಕೆಲಸ ನಿಂತಿತು. ಮತ್ತೆ ಕೊಡಲಿ ಬೀಳುವ ಹೊತ್ತಿಗೆ ಜನ ಹೋರಾಡಿದರು. 1976ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು, 2003ರಲ್ಲಿ ರಾಷ್ಟ್ರೀಯ ಉದ್ಯಾನ. "ಮೇಲೆ ಬಂತಾ ನೋಡಿ" ಅಂದ ರೇಂಜರ್‌ಗೆ ಇದೆಲ್ಲ ಗೊತ್ತಿದ್ದೀತು. ಸಾಲಿನಲ್ಲಿ ಹಿಂದೆ ಇನ್ನೂ ಹನ್ನೆರಡು ಜನ ಕಾಯುತ್ತಿದ್ದರು, ಹೇಳಲು ಪುರುಸೊತ್ತೆಲ್ಲಿ?

ಹಾದಿ ಮುಚ್ಚಿದೆ ಅಂದರೆ ವಾಪಸು ಹೊರಡಬೇಡಿ. ಎತ್ತರದ ಹಾದಿಯ ಕೊನೆಯಲ್ಲಿ ಕಟಕಟೆ ಹಿಡಿದು ಕೆಳಗೆ ನೋಡಿ. ಕಂದು ನೀರು ಸದ್ದಿಲ್ಲದೆ ಸರಿಯುತ್ತಿರುತ್ತದೆ, ನೆಲದಿಂದ ಮೇಲೆದ್ದ ಸೈಪ್ರೆಸ್ ಬೇರಿನ ಮಂಡಿಗಳ ತುದಿಯಷ್ಟೇ ಹೊರಗೆ. ಕಾಂಡಗಳ ಮೇಲೆ ಹಳೆಯ ನೆರೆಯ ಗೆರೆ, ಆಳೆತ್ತರಕ್ಕೂ ಮೇಲೆ.